ಕಂಪ್ಯೂಟರ್ ಓದಿನ ಅಸಲು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಣ್ಣ ತಂಗಿ ನಿಂತಿದ್ದರು. ಅಣ್ಣನ ಅಂಗಿ ಲೇತ್ ಮಿಷನ್ನಿನ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ತಂಗಿಯ ಕೊರಳಲ್ಲಿ ಯಾವುದೋ ಕಂಪನಿಯ ಹೊಸ ಬ್ಯಾಡ್ಜು.

“ಲೆಕ್ಕ ಹಾಕಿದೆ ಅಣ್ಣ. ನನ್ನ ಕಂಪ್ಯೂಟರ್ ಸೈನ್ಸ್ ಓದಿನ ಅಸಲು ಹುಟ್ಟೋಕೇ ಹನ್ನೊಂದು ವರ್ಷ ಬೇಕು.”

“ಹನ್ನೊಂದಾ? ಮೂರೇ ವರ್ಷ ಅಂದಿದ್ರಲ್ಲ ಕಾಲೇಜಿನವರು!”

“ಅಂಗೈಯಲ್ಲಿ ಅರಮನೆ ತೋರಿಸಿದ್ರು. ಇಡೀ ಕ್ಲಾಸಲ್ಲಿ ಒಬ್ಬನಿಗೆ ಸಿಕ್ಕ ಸಂಬಳಾನ ಬೋರ್ಡಿಗೆ ಬರೆದಿದ್ರು.”

“ಉಳಿದವರದ್ದು?”

“ನಮ್ಮ ಸಂಬಳಕ್ಕೆ ಬೋರ್ಡ್ ಯಾಕೆ, ಬಸ್ ಟಿಕೆಟ್ ಹಿಂದೆ ಬರೀಬಹುದು.”

“ಫೀಸು ಕಟ್ಟೋಕೆ ನಾನು ಮಾಡಿದ ಓವರ್‌ಟೈಮು ಸೇರಿಸಿದೀಯಾ?”

“ಎಲ್ಲಾ ಸೇರಿಸಿದೀನಿ.”

ಅವನು ಬಲಗೈ ಎತ್ತಿ ಹಿಡಿದ. ತೋರುಬೆರಳು ಇರಬೇಕಾದಲ್ಲಿ ಬರೀ ಒಂದು ಮೊಂಡು ಗಂಟಿತ್ತು.

“ಎರಡನೇ ವರ್ಷದ ಫೀಸಿನ ಹೊತ್ತಲ್ಲಿ ಮಿಷನ್ ತಿಂದಿದ್ದು. ಇದನ್ನ?”

ಅವಳು ಬ್ಯಾಡ್ಜಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಕೇಳಿದಳು:

“ನಮ್ಮ ತಮ್ಮನೂ ಅದನ್ನೇ ಓದ್ತೀನಿ ಅಂತಿದಾನೆ. ಏನು ಹೇಳ್ಲಿ?”

“ಓದಲಿ ಅನ್ನು. ಅಣ್ಣನ ಹತ್ರ ಇನ್ನೂ ಒಂಬತ್ತು ಬೆರಳಿವೆ.”

ಬಸ್ಸು ಬಂತು. ಅವನು ಮೊದಲು ಹತ್ತಿ, ತಂಗಿಗೆ ಅದೇ ಕೈ ಚಾಚಿದ. ಅವಳು ಅದನ್ನು ಹಿಡಿಯಲಿಲ್ಲ. ಕಂಬಿ ಹಿಡಿದು ಹತ್ತಿದಳು.