ಹನ್ನೊಂದು ಮೀಟರ್ ಹಿಂದಕ್ಕೆ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಬರೆಯುವಾಗ ತಪ್ಪುಗಳಾಗುತ್ತವೆ. ಕಷ್ಟದ ಅಕ್ಷರಗಳು ನೆನಪಾಗದ ಕಡೆ ಸಣ್ಣ ಮಕ್ಕಳು ಬರೆಯುವ ಅಕ್ಷರದಲ್ಲೇ ಬರೆದಿದ್ದೇನೆ. ಎದುರಿಗೆ ಯಾರಾದರೂ ಕೂತು ಪ್ರಶ್ನೆ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ. ಆದ್ದರಿಂದ ನಾನೇ ಬರೆದುಕೊಡುತ್ತೇನೆಂದು ಕೇಳಿಕೊಂಡೆ. ಠಾಣೆಯವರು ಒಪ್ಪಿ ಕಾಗದ ಕೊಟ್ಟಿದ್ದಾರೆ.

ಹೆಸರು ಕಾಬಾಸಾವಾ ತೊಮೊಯಾ, ವಯಸ್ಸು 22. ಉದ್ಯೋಗ, ಶಿಮೊಜೊ ಪೆಟ್ರೋಲ್ ಬಂಕಿನಲ್ಲಿ ಕೆಲಸ. ಚಳಿಗಾಲದಲ್ಲಿ ಗಾಡಿಯಲ್ಲಿ ಮನೆಮನೆಗೆ ಹೋಗಿ ಸೀಮೆಎಣ್ಣೆ ತುಂಬಿಸುವುದು. ವಾಸ, ನಿಗಾಟಾ ಪ್ರಾಂತ್ಯದ ಯುನೊಸಾವಾ ಪಟ್ಟಣದ ಕೆಳಕೇರಿ. ಓದಿದ್ದು ಆರನೇ ತರಗತಿ. ಮುಂದಿನ ಶಾಲೆಯಲ್ಲಿ ಹೆಸರು ಇತ್ತು, ನಾನು ಹೋಗಲಿಲ್ಲ. ಈ ಮೂಲಕ ತಿಳಿಸುವುದೇನೆಂದರೆ,

ಫೆಬ್ರವರಿ 15ರ ಭಾನುವಾರ ಮಧ್ಯಾಹ್ನ ಬಿಸಿನೀರ ಬುಗ್ಗೆಯ ಏರಿನಲ್ಲಿ ಒಂದು ಕೆಂಪು ಕಾರು ಹಿಂದಕ್ಕೆ ಜಾರಿ ಮಕಿನೊ ತೋಫು ಅಂಗಡಿಯ ಬಾಗಿಲಿಗೆ ಗುದ್ದಿತು. ಅಂಗಡಿಯ ಮಕಿನೊ ಫುಸಾ (71) ಅವರು ಪಕ್ಕಕ್ಕೆ ಹಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಕಾರನ್ನು ಓಡಿಸುತ್ತಿದ್ದವನು ತಾನೇ ಎಂದು ಅದರ ಮಾಲೀಕ ಒನೊಜುಕಾ ಇತ್ಸುಕಿ (22) ಅದೇ ದಿನ ತಮಗೆ ಹೇಳಿಕೆ ಕೊಟ್ಟಿದ್ದಾನೆ. ಅದು ನಿಜವಲ್ಲ. ಓಡಿಸಿದ್ದು ನಾನು.

ಇತ್ಸುಕಿ ನನ್ನ ಪಕ್ಕದ ಮನೆಯವನು. ನಾನು ಶಾಲೆ ಬಿಟ್ಟ ಮೇಲೆ ಮೂರು ವರ್ಷ ಅವನೇ ಸಂಜೆ ಬಂದು ಶಾಲೆಯ ಕಾಗದಗಳನ್ನು ನಮ್ಮ ಅಂಚೆಡಬ್ಬಿಗೆ ಹಾಕಿ ಹೋಗುತ್ತಿದ್ದ. ನಾನು ಒಂದು ದಿನವೂ ಹೊರಗೆ ಬಂದು ಮಾತಾಡಲಿಲ್ಲ. ಅವನು ಒಂದು ದಿನವೂ ಬೇಸರಪಟ್ಟುಕೊಳ್ಳಲಿಲ್ಲ. ಅವನು ಅಂಥವನು.

ಕಳೆದ ಬೇಸಿಗೆಯಲ್ಲಿ ಈ ಕಾರಿನ ಸುದ್ದಿ ಬಂತು. ಎರಡೇ ಸೀಟಿನ ಸಣ್ಣ ಸ್ಪೋರ್ಟ್ಸ್ ಕಾರು, ಗೇರು ಕೈಯಲ್ಲೇ ಹಾಕಬೇಕು, ಆಟೊಮ್ಯಾಟಿಕ್ ಇಲ್ಲ. ಇಂಥ ಗಾಡಿಗಳ ಕಾಲ ಮುಗಿಯಿತು ಎಂದು ಎಲ್ಲರೂ ಹೇಳುತ್ತಿದ್ದ ಹೊತ್ತಿನಲ್ಲಿ ಬಂಕಿನ ಹುಡುಗರೂ ಕೊಳ್ಳಬಹುದಾದ ಬೆಲೆಗೆ ಮತ್ತೆ ಬಂದಿತ್ತು. ಆದರೆ ಎಣಿಸಿ ಇಷ್ಟೇ ಎಂದು ತಯಾರಿಸುವ ಗೆಂತೇ ಗಾಡಿ. ಅರ್ಜಿ ಹಾಕಿದವರಲ್ಲಿ ಲಾಟರಿ ಎತ್ತಿ ಕೊಡುತ್ತಿದ್ದರು. ಸುದ್ದಿ ಓದಿದ್ದು ನಾನು. ಅರ್ಜಿ ಹಾಕಲು ಹೋದದ್ದು ನಾನು. ಶೋರೂಮಿನವರ ಜೊತೆ ಮಾತಾಡಲು ಹೆದರಿ ಇತ್ಸುಕಿಯನ್ನು ಕರೆದುಕೊಂಡು ಹೋಗಿದ್ದೆ. ಸುಮ್ಮನೆ ಕೂತಿರುವುದೇಕೆ ಎಂದು ಅವನೂ ಒಂದು ಅರ್ಜಿ ತುಂಬಿದ. ಲಾಟರಿ ಅವನಿಗೆ ಬಂತು.

ಮಿತಿ ಎಂಬ ಅರ್ಥದ ಈ ಗೆಂತೇ ಮಾತನ್ನು ನನ್ನ ಪರವಾನಗಿಗೂ ಹೇಳುತ್ತಾರೆ. ಆಟೊಮ್ಯಾಟಿಕ್ ಗಾಡಿ ಮಾತ್ರ ಓಡಿಸಬಹುದು ಎಂಬ ಷರತ್ತಿನ ಪರವಾನಗಿ ನನ್ನದು. ಮ್ಯಾನ್ಯುಯಲ್ ಕಲಿಯಬೇಕಾದರೆ ಬೋಧಕರ ಪಕ್ಕದಲ್ಲಿ ಇನ್ನಷ್ಟು ತಾಸು ಒಬ್ಬನೇ ಕೂರಬೇಕಿತ್ತು. ಅದಕ್ಕೆ ಹೆದರಿ ಬೇಡ ಎಂದಿದ್ದೆ. ಇತ್ಸುಕಿ ಮೊದಲ ಸಲ ಕಾರನ್ನು ಬಂಕಿಗೆ ತಂದಾಗ ಶಿಮೊಜೊ ಯಜಮಾನರು ಬಾನೆಟ್ಟಿನ ಮೇಲೆ ಕೈಯಾಡಿಸುತ್ತ, "ಲೇ ತೊಮೊ, ಗಾಡೀನೂ ಗೆಂತೇ, ನೀನೂ ಗೆಂತೇ. ಆದ್ರೆ ಅದಕ್ಕೆ ಜನ ಸಾಲುಗಟ್ಟಿ ನಿಲ್ತಾರೆ ನೋಡು," ಎಂದರು. ಎಲ್ಲರೂ ನಕ್ಕರು. ಇತ್ಸುಕಿ ನಗಲಿಲ್ಲ. ಅವನು ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು.

ಘಟನೆಯ ದಿನ ಮಧ್ಯಾಹ್ನ 1.40ಕ್ಕೆ ಅವನು ಬಂಕಿಗೆ ಬಂದು ನನ್ನನ್ನು ಹತ್ತಿಸಿಕೊಂಡ. ನಾನು ಎಡಗಡೆ ಕೂತೆ. ಅವನು ಕೈಯ ಕಡೆ ನೋಡದೆ, ನಿನ್ನೆ ತಿಂದ ನೂಡಲ್ಸಿಗೆ ಉಪ್ಪು ಹೆಚ್ಚಾಗಿದ್ದ ವಿಷಯ ಮಾತಾಡುತ್ತಲೇ ಗೇರು ಬದಲಿಸಿದ. ನನಗೆ ಅದನ್ನು ನೋಡಲಾಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದೆ.

ಸುಮಾರು 2 ಗಂಟೆಗೆ ಬಸ್ ನಿಲ್ದಾಣದ ಎದುರು, ಏರಿಗೆ ಮುಖ ಮಾಡಿ ಕಾರು ನಿಲ್ಲಿಸಿದ. ಮೊದಲನೇ ಗೇರಿನಲ್ಲಿಟ್ಟು ಎಂಜಿನ್ ಆರಿಸಿದ. ಕೈಬ್ರೇಕ್ ಎಳೆಯಲಿಲ್ಲ. ಇದು ಅವನ ತಪ್ಪಲ್ಲ. ಎಳೆದರೆ ಹೆಪ್ಪುಗಟ್ಟಿ ಬಿಡಿಸಲು ಬಾರದೆಂದು ನಮ್ಮ ಕಡೆ ಚಳಿಗಾಲದಲ್ಲಿ ಯಾರೂ ಎಳೆಯುವುದಿಲ್ಲ. ನಾನೂ ಸೀಮೆಎಣ್ಣೆ ಗಾಡಿಯನ್ನು ಬರೀ ಪಾರ್ಕಿಂಗಿನ ಪಿ ಗುರುತಿಗೆ ಹಾಕಿ ಇಳಿಯುತ್ತೇನೆ.

"ಬಿಸಿ ಬನ್ನು ತರ್ತೀನಿ ಕೂತಿರು. ನಿಂಗೆ ಮಾಂಸದ್ದಾ, ಸಿಹೀದಾ?" ಎಂದು ಕೇಳಿದ.

ಯಾವುದಾದರೂ ಸರಿ ಎಂದೆ.

"ಯಾವಾಗ್ಲೂ ಇದೇ ಆಯ್ತು ನಿಂದು. ಒಂದ್ಸಲನಾದ್ರೂ ಇದೇ ಬೇಕು ಅಂತ ಬಾಯ್ಬಿಡೋ ಮಾರಾಯ," ಎಂದು ನಗುತ್ತ ಇಳಿದು, ಕೀಲಿಯನ್ನು ಕಾರಿನಲ್ಲೇ ಬಿಟ್ಟು ಹೋದ.

ಅವನು ಬನ್ನಿನ ಅಂಗಡಿಯೊಳಗೆ ಹೋದದ್ದನ್ನು ನೋಡಿ ನಾನು ಇಳಿದೆ. ಕಾರನ್ನು ಸುತ್ತಿ ಬಂದು ಬಲಗಡೆಯ ಸೀಟಿನಲ್ಲಿ ಕೂತೆ. ಸೀಟು ಇನ್ನೂ ಬೆಚ್ಚಗಿತ್ತು. ಬರೀ ಕೂರಬೇಕೆಂದಿದ್ದೆ, ಬೇರೇನೂ ಯೋಚನೆ ಇರಲಿಲ್ಲ.

ಆಗ ನಿಲ್ದಾಣದಲ್ಲಿ ನಿಂತಿದ್ದ ಅರವತ್ತರ ಆಸುಪಾಸಿನ ಒಬ್ಬರು, ಹೆಗಲಿಗೆ ಸ್ಕೀ ಚೀಲ ಹಾಕಿಕೊಂಡವರು, ರಸ್ತೆ ದಾಟಿ ಬಂದರು. ಅವರ ಹೆಸರು ಗೊತ್ತಿಲ್ಲ. ನಾನು ಗಾಜು ಇಳಿಸಿದೆ.

"ಅಬ್ಬಾ, ಇದೇ ಅಲ್ವಾ ಆ ಗೆಂತೇ ಗಾಡಿ? ನಂದೂ ಇತ್ರೀ ಇಂಥದ್ದು, ಮಗಳು ಹುಟ್ಟಿದಾಗ ಹೆಂಡ್ತಿ ಮಾರ್ಸಿಬಿಟ್ಳು. ಇನ್ನು ಈ ಜನ್ಮದಲ್ಲಿ ಇಂಥ ಗಾಡಿ ಬರಲ್ಲ ಅಂದ್ಕೊಂಡಿದ್ದೆ. ಪುಣ್ಯ ಮಾಡಿದೀರ. ನಿಮ್ದೇ ತಾನೆ?" ಎಂದು ಕೇಳಿದರು.

ಹೌದು ಎಂದೆ. ಆ ದಿನ ನಾನು ತಡವರಿಸದೆ ಆಡಿದ ಮಾತು ಅದೊಂದೇ.

ಅಷ್ಟರಲ್ಲಿ 2.10ರ ಬಸ್ಸು ಬಂತು. ಅವರು ಓಡುತ್ತ, "ಹತ್ತೋದ್ರೊಳಗೆ ಒಂದ್ಸಲ ಸದ್ದು ಕೇಳಿಸ್ಬಿಡಿ ಸ್ವಾಮಿ!" ಎಂದು ಕೂಗಿದರು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕಿವಿಗೆ ಕೈ ಹಚ್ಚಿಕೊಂಡರು. ಇದು ನನ್ನದಲ್ಲ, ನನಗೆ ಓಡಿಸಲು ಅನುಮತಿ ಇಲ್ಲ ಎಂದು ಆಗಲಾದರೂ ಹೇಳಬಹುದಿತ್ತು.

ನಾನು ಎಡಗಾಲಿನಲ್ಲಿ ಕ್ಲಚ್ಚು, ಬಲಗಾಲಿನಲ್ಲಿ ಬ್ರೇಕು ಒತ್ತಿ ಎಂಜಿನ್ ಚಾಲೂ ಮಾಡಿದೆ. ಇಷ್ಟು ನೋಡಿ ನೋಡಿ ತಿಳಿದಿತ್ತು. ಆಮೇಲೆ ಸದ್ದು ಮಾಡಲೆಂದು ಬಲಗಾಲನ್ನು ಬ್ರೇಕಿನಿಂದ ತೆಗೆದು ಆಕ್ಸಲರೇಟರಿಗೆ ಇಟ್ಟೆ. ನನ್ನ ಗಾಡಿಯಲ್ಲಾದರೆ ಹೀಗೆ ಮಾಡಿದರೆ ಏನೂ ಆಗುವುದಿಲ್ಲ, ಪಿ ಹಿಡಿದುಕೊಂಡಿರುತ್ತದೆ. ಇಲ್ಲಿ ಹಿಡಿದುಕೊಂಡಿದ್ದದ್ದು ಮೊದಲನೇ ಗೇರು. ಕ್ಲಚ್ಚು ಒತ್ತಿ ಅದನ್ನು ನಾನೇ ಬಿಡಿಸಿದ್ದೆ.

ಸದ್ದು ಬಹಳ ಚೆನ್ನಾಗಿ ಬಂತು. ಕಾರು ಹಿಂದಕ್ಕೆ ಹೊರಟಿತು. ನಾನು ಗಾಬರಿಯಾಗಿ ಗೇರಿನ ಕಡ್ಡಿ ಹಿಡಿದು ಮುಂದಕ್ಕೆ ತಳ್ಳಿ ಪಿ ಹುಡುಕಿದೆ. ಅದರಲ್ಲಿ ಪಿ ಇಲ್ಲ. ಕಾಲುಗಳು ಕ್ಲಚ್ಚು, ಆಕ್ಸಲರೇಟರ್ ಎರಡನ್ನೂ ಒತ್ತಿಕೊಂಡೇ ಇದ್ದವು. ಬಸ್ಸು ಏರಿನ ಮೇಲಕ್ಕೆ ಹೊರಟುಹೋಗಿತ್ತು.

ಮಕಿನೊ ಅಮ್ಮ ರಸ್ತೆಗೆ ಬೆನ್ನು ಮಾಡಿ ಅಂಗಡಿಯ ಮುಂದಿನ ಹಿಮ ತೆಗೆಯುತ್ತಿದ್ದರು. ಸದ್ದು ಕೇಳಿ, ತಿರುಗಿ ನೋಡದೆ ಪಕ್ಕಕ್ಕೆ ಹಾರಿದರು. ಕಾರು ಬಾಗಿಲಿಗೆ ಗುದ್ದಿ ನಿಂತಿತು. ಅವರು ಹಿಮದ ಮೇಲೆ ಬಿದ್ದುಕೊಂಡೇ, "ಒಳಗೆ ತೋಫು ತೊಟ್ಟಿ ಉರುಳ್ತಾ ನೋಡ್ರೋ! ನನ್ನ ಕೈ ಆಮೇಲೆ ನೋಡೋಣ," ಎಂದು ಕೂಗುತ್ತಿದ್ದರು.

ಇತ್ಸುಕಿ ಬನ್ನಿನ ಪೊಟ್ಟಣ ಬಿಸಾಡಿ ಓಡಿಬಂದ. ಕಾರಿನ ಬಾಗಿಲು ತೆಗೆದು ನನ್ನ ಜಾಕೆಟ್ಟಿನ ಕತ್ತು ಹಿಡಿದು ಎಳೆದ. "ಇಳಿ. ಬೇಗ ಇಳಿಯೋ. ನಾನಿದ್ದೆ ಅಂತೀನಿ, ನೀನು ಬಾಯಿ ಬಿಡಬೇಡ. ನಿನ್ನ ಲೈಸೆನ್ಸು ಹೋದ್ರೆ ಬಂಕಲ್ಲಿ ಇಟ್ಕೋತಾರೇನೋ ನಿನ್ನ?" ಎಂದ. ಅದು ಸರಿ. ಗಾಡಿ ಓಡಿಸಲು ಆಗದಿದ್ದರೆ ಯಜಮಾನರಿಗೆ ನನ್ನಿಂದ ಉಪಯೋಗವಿಲ್ಲ. ಗಿರಾಕಿಗಳ ಜೊತೆ ಮಾತಾಡುವ ಕೆಲಸ ನನ್ನಿಂದ ಆಗುವುದಿಲ್ಲ. ನಾನು ಬಾಯಿ ಬಿಡಲಿಲ್ಲ. ತಾವು ಬಂದಾಗ ಅವನು ಕಾರಿನ ಪಕ್ಕ ನಿಂತು ಮೂರು ಸಲ ಬಾಗಿ ಕ್ಷಮೆ ಕೇಳಿದ. ನಾನು ಅವನ ಹಿಂದೆ ನಿಂತಿದ್ದೆ.

16ರ ಸೋಮವಾರ ಬಂಕಿನಲ್ಲಿ ಯಜಮಾನರು, "ತಪ್ಪು ಮಾಡಿದ್ರೂ ಹೇಗೆ ಎದೆ ಕೊಟ್ಟು ಒಪ್ಕೊಂಡ ನೋಡು. ಗಂಡಸು ಅಂದ್ರೆ ಹಾಗಿರ್ಬೇಕು," ಎಂದು ನನಗೆ ಹೇಳಿದರು. ಸಂಜೆ ಆಸ್ಪತ್ರೆಗೆ ಹೋದೆ. ಇತ್ಸುಕಿ ಆಗಲೇ ಅಲ್ಲಿದ್ದು ಮಕಿನೊ ಅಮ್ಮನಿಗೆ ಕಿತ್ತಳೆ ಸುಲಿದುಕೊಡುತ್ತಿದ್ದ. "ಇವನೇ ಬೀಳ್ಸಿದ, ಇವನೇ ತಿನ್ನಿಸ್ತಾನೆ. ನನ್ನ ಮಗ ಒಂದು ದಿನ ಹೀಗೆ ಸುಲಿದುಕೊಟ್ಟಿಲ್ಲ ಕಣೋ," ಎಂದು ಅಮ್ಮ ನಗುತ್ತಿದ್ದರು. ನಾನು ಬಾಗಿಲಿನಿಂದಲೇ ವಾಪಸು ಬಂದೆ.

ದಾರಿಯಲ್ಲಿ ನನಗೆ ಅನ್ನಿಸಿದ್ದನ್ನು ಬರೆಯುತ್ತೇನೆ. ಕಾರು ಅವನಿಗೆ ಹೋಯಿತು. ಈಗ ತಪ್ಪೂ ಅವನಿಗೇ ಹೋಯಿತು, ಅದರ ಜೊತೆ ಬರುವ ಒಳ್ಳೆಯ ಹೆಸರೂ ಹೋಯಿತು. ಸುಳ್ಳು ಹೇಳಿಕೆ ಕೊಟ್ಟವನಿಗೂ ಶಿಕ್ಷೆ ಇದೆ ಎಂದು ನೆನಪಾದಾಗ ಮೊದಲು ಸ್ವಲ್ಪ ಸಂತೋಷವಾಯಿತು. ಅದು ಮನೆ ಸೇರುವವರೆಗೂ ಉಳಿಯಲಿಲ್ಲ. ಅವನು ಸುಳ್ಳು ಹೇಳಿದ್ದು ನನಗಾಗಿ, ನಾನು ಅದನ್ನು ತಡೆಯಲಿಲ್ಲ. ಅವನ ಮೇಲೆ ಕಠಿಣವಾಗಬಾರದೆಂದು ಕೇಳಿಕೊಳ್ಳುತ್ತೇನೆ.

ಆದರೆ ಅವನೊಬ್ಬನಿಗಾಗಿ ಇದನ್ನು ಬರೆಯುತ್ತಿಲ್ಲ. ತಾವು ಟೇಪು ಹಿಡಿದು ಅಳೆದಾಗ ಹನ್ನೊಂದು ಮೀಟರ್ ಎಂದು ಕೂಗಿ ಹೇಳಿದ್ದು ನನಗೆ ಕೇಳಿಸಿತು. ಆ ಕಾರನ್ನು ನಾನು ಓಡಿಸಿದ್ದು ಅಷ್ಟೇ, ಅದೂ ಹಿಂದಕ್ಕೆ. ದಯವಿಟ್ಟು ಅದನ್ನು ಅವನ ಹೆಸರಿನಲ್ಲಿ ಬರೆಯಬೇಡಿ. ಅದು ನನ್ನದು.

ಯಾರೂ ಹೇಳಿಕೊಡದೆ, ಯಾರೂ ಹೆದರಿಸದೆ ನಾನೇ ಇದನ್ನು ಬರೆದಿದ್ದೇನೆ. ಓದಿ ನೋಡಿದ್ದೇನೆ. ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಯುನೊಸಾವಾ
ದಿನಾಂಕ: ರೇವಾ 8ನೇ ವರ್ಷ (2026), ಫೆಬ್ರವರಿ 17
ಸಹಿ: ಕಾಬಾಸಾವಾ ತೊಮೊಯಾ (ಮೊಹರು ತಂದಿಲ್ಲ, ಬೆರಳು ಒತ್ತಿದ್ದೇನೆ)

ಹಗಲಿನಲ್ಲಿ ಎಲ್ಲಿ ಸಿಗುತ್ತೀರಿ ಎಂದು ಈಗ ಕೇಳಿದ್ದರಿಂದ ಇದನ್ನೂ ಸೇರಿಸುತ್ತೇನೆ. ಮನೆಯಲ್ಲಿರುತ್ತೇನೆ. ಸೀಮೆಎಣ್ಣೆ ಗಾಡಿಯ ಕೀಲಿಯನ್ನು ಇಂದು ಬೆಳಿಗ್ಗೆ ಯಜಮಾನರ ಮೇಜಿನ ಮೇಲೆ ಇಟ್ಟು ನಡೆದುಕೊಂಡು ಬಂದೆ.