ರಾಮಾಂಜಿನಪ್ಪನ ಭಾನುವಾರಗಳು

ನಮ್ಮ ಕಡೆ ಗಂಡಸರು ಕತ್ತಲಿಗೆ ಹೆದರೋ ಪೈಕಿ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಅದರಲ್ಲೂ ನಮ್ಮ ದೊಡ್ಡಪ್ಪನ ಮಗ ಚನ್ನಕೇಶವ ಅಂದರೆ ಹದಿನಾರನೇ ವಯಸ್ಸಿಗೇ ಅಮಾವಾಸ್ಯೆ ರಾತ್ರಿ ಒಬ್ಬನೇ ಸ್ಕಂದಗಿರಿ ಹತ್ತಿ ಇಳಿದವನು. ಅಂಥವನು ಅರವತ್ತೆರಡನೇ ಇಸವಿಯ ಒಂದು ಭಾನುವಾರ, ಒಂದು ಬಾವಿಯ ಮುಂದೆ ಮರದ ಹಾಗೆ ನಿಂತುಬಿಟ್ಟ...

ರಾತ್ರಿ ಒಂಬತ್ತಿರಬಹುದು. ಮುನಿಗಂಗಪ್ಪ ಅನ್ನೋ ರೈತನ ಮನೆಯಲ್ಲಿ ರೇಷ್ಮೆಹುಳ ನೋಡಿ ಶಿಡ್ಲಘಟ್ಟಕ್ಕೆ ವಾಪಸ್ಸು ಬರ್ತಿದ್ದ. ಸೈಕಲ್ಲಿನ ಚೈನು ತುಂಡಾಗಿತ್ತು, ತಳ್ಳಿಕೊಂಡೇ ನಡೀತಿದ್ದ. ಮಣ್ಣುದಾರಿ. ಬಲಕ್ಕೆ ಆಲದಮರ, ಅದರ ಕೆಳಗೆ ಕಲ್ಲುಬಾವಿ. ಬಾವಿಯ ರಾಟೆ ತಿರುಗ್ತಿತ್ತು.

ಕಿರ್... ಕಿರ್...

ಆಮೇಲೆ ದುಡುಮ್ ಅಂತ ಕೊಡ ನೀರಿಗೆ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಯಾರದು ಅಂತ ಕೇಳಿದ. ಉತ್ತರಕ್ಕೆ ಕೆಮ್ಮು ಬಂತು. ಎರಡು ಸಲ ಒಣಕೆಮ್ಮು, ಹಿಂದೆಯೇ ಗಂಟಲು ಸರಿಮಾಡಿಕೊಳ್ಳೋ ಸಣ್ಣ ಸದ್ದು. ಆ ಕೆಮ್ಮನ್ನು ಚನ್ನಕೇಶವ ಮೂರು ವರ್ಷ ಆಫೀಸಿನಲ್ಲಿ ಪಕ್ಕದ ಕುರ್ಚಿಯಿಂದ ಕೇಳಿದ್ದ. ಆ ಕೆಮ್ಮಿನವನನ್ನು ಸುಟ್ಟು ಹದಿಮೂರು ದಿನವಾಗಿತ್ತು.

ಅದು ಹೀಗೆ. ಚನ್ನಕೇಶವ ಒಂದು ರೇಷ್ಮೆ ಆಫೀಸಿನಲ್ಲಿ ಕೆಲಸಕ್ಕಿದ್ದ. ಹಳ್ಳಿಹಳ್ಳಿಗೆ ಹೋಗಿ ಹುಳ ನೋಡಬೇಕು, ಕಾಯಿಲೆ ಬಿದ್ದದ್ದನ್ನು ಆರಿಸಿ ಬೇರೆ ಮಾಡಬೇಕು. ಅದಕ್ಕೆ ಕ್ಯಾಂಪು ಅಂತ ಹೆಸರು. ವಾರದ ದಿನ ಕ್ಯಾಂಪಂದ್ರೆ ಎಲ್ಲರೂ ಮುಂದು. ಆಫೀಸರ ಕಣ್ಣು ತಪ್ಪುತ್ತೆ, ರೈತರ ಮನೇಲಿ ಬಿಸಿಮುದ್ದೆ ಸಿಗುತ್ತೆ. ಭಾನುವಾರದ ಕ್ಯಾಂಪಂದ್ರೆ ಮಾತ್ರ ಶನಿವಾರ ಬೆಳಿಗ್ಗೆಯೇ ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬನಿಗೆ ಅತ್ತೆಯ ಸಾವು. ಒಬ್ಬನ ಅತ್ತೆಯಂತೂ ಒಂದೇ ವರ್ಷದಲ್ಲಿ ಮೂರು ಸಲ ಸತ್ತಳು. ಆದರೆ ಹುಳಕ್ಕೆ ಭಾನುವಾರ ಗೊತ್ತಿಲ್ಲವಲ್ಲ. ಗೂಡು ಕಟ್ಟೋ ಮುಂಚಿನ ವಾರ ಹಗಲೂ ರಾತ್ರಿ ಚರಚರ ಅಂತ ಸೊಪ್ಪು ಮೇಯುತ್ತೆ. ಆಗ ರೋಗ ತಗುಲಿದರೆ ಒಂದೇ ರಾತ್ರಿಗೆ ಹುಳ ಸಾಕೋ ತಟ್ಟೆತಟ್ಟೆಯೇ ಕಪ್ಪಗಾಗುತ್ತೆ. ಅದಕ್ಕೇ ಸರದಿ ಹಾಕಿದ್ದರು.

ನಮ್ಮಣ್ಣ ತನ್ನ ಸರದಿ ಬಂದಾಗಲೆಲ್ಲ ಅದನ್ನು ರಾಮಾಂಜಿನಪ್ಪನ ಹೆಗಲಿಗೆ ಏರಿಸೋನು. ರಾಮಾಂಜಿನಪ್ಪ ಐವತ್ತು ದಾಟಿದ ಒಂಟಿ ಮನುಷ್ಯ, ಆಫೀಸಿನ ಹಿಂದಿನ ಕೋಣೆಯಲ್ಲೇ ವಾಸ, ಮಾತು ಕಮ್ಮಿ. "ನಿನಗೇನಣ್ಣ, ಕಾಯೋರು ಯಾರಿದ್ದಾರೆ? ನಾನು ಮನೆಗೆ ಹೋಗಲಿಲ್ಲಾಂದ್ರೆ ಹೆಂಡತಿ ಮುಖ ಊದಿಸ್ಕೊಂಡು ಕೂತಿರ್ತಾಳೆ" ಅಂತ ಚನ್ನಕೇಶವ ಒಂದು ಸಲ ಅಂದ. ಆಫೀಸೆಲ್ಲ ನಕ್ಕಿತು. ರಾಮಾಂಜಿನಪ್ಪನೂ ನಕ್ಕ, ಚೀಲ ತಗೊಂಡು ಹೊರಟ. ಇದನ್ನು ನೋಡಿ ಮಿಕ್ಕವರೂ ಅವನಿಗೇ ಹಚ್ಚಿದರು. ಒಂದಲ್ಲ ಎರಡಲ್ಲ, ಸಾಲಾಗಿ ಎಂಟು ಭಾನುವಾರ.

ಎಂಟನೆಯದು ಚನ್ನಕೇಶವನ ಸರದಿ. ಅವತ್ತು ರಣಬಿಸಿಲಿನಲ್ಲಿ ರಾಮಾಂಜಿನಪ್ಪ ಎದೆ ಹಿಡಿದುಕೊಂಡು ಇದೇ ಬಾವಿಕಟ್ಟೆಗೆ ಒರಗಿದ. ಏಳಲಿಲ್ಲ. ದಾರಿಯಲ್ಲಿ ಹೋಗೋರು ಯಾರೋ ಮಲಗಿದ್ದಾನೆ ಅಂದುಕೊಂಡರು. ರಜಾ ದಿನ, ಆಫೀಸಿನಲ್ಲಿ ಹುಡುಕೋರಿಲ್ಲ. ಸೋಮವಾರ ಹಾಜರಿ ಕೂಗಿದಾಗಲೇ ಅವನಿಲ್ಲ ಅಂತ ತಿಳಿದದ್ದು. ಬಂಧುಗಳು ಯಾರು ಅಂತ ಯಾರಿಗೂ ಗೊತ್ತಿಲ್ಲ. ಕೊಳ್ಳಿ ಇಟ್ಟದ್ದು ಚನ್ನಕೇಶವನೇ.

ಅಲ್ಲಿಂದ ಅವನಿಗೆ ಅನ್ನ ಸೇರಲಿಲ್ಲ. ಈ ಭಾನುವಾರ ಯಾರೂ ಹೇಳದೆ ತಾನೇ ಕ್ಯಾಂಪಿಗೆ ಹೊರಟದ್ದು ಅದಕ್ಕೇ. ಈಗ ಬಾವಿಯ ಮುಂದೆ ನಿಂತಿದ್ದ.

"ಅಣ್ಣಾ..." ಅಂದ, ಉಸಿರಿನಲ್ಲೇ.

"ತಡ ಆಯ್ತು ಕಣಪ್ಪ. ಮುನಿಗಂಗಪ್ಪನ ಹುಳ ನೋಡಬೇಕು."

"ನಾನು ನೋಡಿ ಬಂದೆ. ನನ್ನ ಸರದಿ."

ಆಲದೆಲೆ ಒಂದು ಟಪ್ ಅಂತ ಬಿತ್ತು.

"ಹಾಗಾದ್ರೆ ನನಗೆ ಬಿಡುವಾ?"

"ಬಿಡುವು ಅಣ್ಣ. ಇನ್ನು ಮೇಲೆ ಎಲ್ಲಾ ಭಾನುವಾರ ನಿಂದೇ. ಮನೆಗೆ ಹೋಗು." ಅಂದಮೇಲೆ ಹೊಳೀತು, ಇವನಿಗೆ ಯಾವ ಮನೆ ಅಂತ.

"ಗೌರಿಬಿದನೂರಲ್ಲಿ ತಂಗಿ ಇದ್ದಾಳೆ... ಆಂಜಿನಮ್ಮ. ರೈಲ್ವೆ ಸ್ಟೇಷನ್ ಹಿಂದಿನ ಬೀದಿ. ಭಾನುವಾರ ಬರ್ತೀನಿ ಅಂದಿದ್ದೆ. ಎಂಟು ವಾರದಿಂದ ಕಾಯ್ತಾ ಇದ್ದಾಳೆ."

"ಒಂದು ಮಾತು ಹೇಳಬಾರದಿತ್ತಾ ಅಣ್ಣ?"

"ನೀವೆಲ್ಲ ನಗ್ತಾ ಇದ್ರಿ..."

ಅಷ್ಟೇ. ರಾಟೆ ಒಂದು ಸುತ್ತು ತಿರುಗಿ ನಿಂತಿತು.

ಚನ್ನಕೇಶವ ಹೆದರಿ ಓಡಲಿಲ್ಲ. ಕಟ್ಟೆಯ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಇದನ್ನು ಅವನು ನನ್ನ ಹತ್ತಿರ ಬಿಟ್ಟು ಇನ್ಯಾರಿಗೂ ಹೇಳಿಲ್ಲ.

ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಚಿಕ್ಕಬಳ್ಳಾಪುರ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗೌರಿಬಿದನೂರು. ನಿಮ್ಮಣ್ಣ ಇಲ್ಲ ಕಣಮ್ಮ ಅನ್ನೋ ಒಂದು ಮಾತನ್ನು ದಾರಿಯುದ್ದಕ್ಕೂ ಹತ್ತು ಥರ ಜೋಡಿಸಿ ನೋಡಿದ. ಯಾವುದೂ ಸರಿಹೋಗಲಿಲ್ಲ. ಮನೆ ಸಿಕ್ಕಾಗ ಹತ್ತು ಗಂಟೆ. ನಲವತ್ತೈದರ ಹೆಂಗಸು ಬಾಗಿಲಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ಇವನು ಆಫೀಸಿನ ಹೆಸರು ಹೇಳುತ್ತಲೇ ಮುಖ ಅರಳಿತು.

"ರಾಮಾಂಜಿನಣ್ಣನ ಆಫೀಸೋರಾ? ರಾತ್ರಿ ಬಂದಿದ್ದನಲ್ಲಪ್ಪ. ಅದೇನು ಅಷ್ಟು ಸೊರಗಿದ್ದಾನೆ? ಮಾತೂ ಇಲ್ಲ. ಉಂಡ, ಮಲಗಿದ, ನಾನು ಏಳೋ ಹೊತ್ತಿಗೆ ಹೊರಟೇಹೋಗಿದ್ದ. ಇನ್ನು ಭಾನುವಾರಾನಾದ್ರೂ ಬಿಡ್ರಪ್ಪ ಅವನನ್ನ."

ಚನ್ನಕೇಶವ ಹೇಳಿದ. ಹೇಳಲೇಬೇಕಲ್ಲ. ಸತ್ತದ್ದು, ಸುಟ್ಟದ್ದು, ಯಾರ ಸರದಿಗೆ ಹೋಗಿ ಸತ್ತ ಅನ್ನೋದೂ. ಆಂಜಿನಮ್ಮ ಮೊರ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಎದ್ದು ಒಳಗೆ ಬಾ ಅಂತ ಕೈಸನ್ನೆ ಮಾಡಿದಳು.

ಒಲೆಯ ಹತ್ತಿರ ರಾತ್ರಿ ಅವಳು ಉಂಡ ತಟ್ಟೆ ಬಿದ್ದಿತ್ತು. ಮುದ್ದೆಯ ಅಂಟು ಒಣಗಿ ಬಿರುಕು ಬಿಟ್ಟಿತ್ತು. ಆಚೆ ಗೋಡೆಗೆ ಇನ್ನೊಂದು ತಟ್ಟೆ, ಗಂಡಸು ತಾನೇ ತೊಳೆದು ಒರಗಿಸಿದ ಹಾಗೆ, ಓರೆಯಾಗಿ ನಿಂತಿತ್ತು.

ನಂಬಿ, ಬಿಡಿ. ನಮ್ಮ ವಂಶದಲ್ಲಿ ಇಂಥ ವಿಷಯಕ್ಕೆ ಸುಳ್ಳು ಹೇಳೋರಿಲ್ಲ. ಚನ್ನಕೇಶವ ಕೈಯಿಟ್ಟು ನೋಡಿದ್ದಾನೆ. ಬೆಳಿಗ್ಗೆ ಹತ್ತು ಗಂಟೆಗೆ, ಆ ತಟ್ಟೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.