ಹನುಮಕ್ಕನ ಓಟು

ಮಾನ್ಯ ಅಧ್ಯಕ್ಷರಾದ ಹಾಲಸ್ವಾಮಿಯವರೇ, ಕೂದಲೆಳೆ ಅಂತರದಲ್ಲಿ ಗೆದ್ದು ನಮ್ಮೆಲ್ಲರ ಜೀವ ಹಿಂಡಿದ ನೂತನ ಸಂಸದರೇ, ಮೊನ್ನೆಯವರೆಗೂ ಎದುರಾಳಿಗಳಾಗಿದ್ದು ಇಂದು ಇದೇ ವೇದಿಕೆಯಲ್ಲಿ ಹಾರ ಹಾಕಿಸಿಕೊಂಡಿರುವ ಮಿತ್ರಪಕ್ಷದ ಮುಖಂಡರೇ, ಆ ಸಾಲಿನ ಕೊನೆಯ ಕುರ್ಚಿಯಲ್ಲಿ ನನ್ನ ಕಡೆ ತಿರುಗಿಯೂ ನೋಡದೆ ಕುಳಿತಿರುವ ನನ್ನ ಭಾವ ಓಬಳೇಶಪ್ಪನವರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕ ಹಾಗೂ ಸಿಗದ ಹಿರಿಯೂರಿನ ಸಮಸ್ತ ಸಭಿಕರೇ.

ಅಭಿನಂದನಾ ಭಾಷಣ ಮಾಡು ಚಿತ್ರಲಿಂಗಪ್ಪ, ಐದೇ ನಿಮಿಷ ಅಂದಿದ್ದಾರೆ. ನನಗೆ ಐದು ನಿಮಿಷ ಗಂಟಲು ಸರಿಮಾಡಿಕೊಳ್ಳುವುದಕ್ಕೇ ಬೇಕು. ಆದರೂ ಇಂಥ ದಿನ ಸುಮ್ಮನಿರುವುದು ಹೇಗೆ? ಎಂಥ ಚುನಾವಣೆ ಅದು! ಚಿತ್ರದುರ್ಗದಲ್ಲಿ ಎಣಿಕೆಯ ದಿನ ಒಂದು ಸುತ್ತಿನಲ್ಲಿ ನಾವು ಮುಂದೆ, ಇನ್ನೊಂದು ಸುತ್ತಿನಲ್ಲಿ ಅವರು ಮುಂದೆ. ನಾವು ಪಟಾಕಿ ತೆಗೆಯೋದು, ಮತ್ತೆ ಚೀಲಕ್ಕೆ ಹಾಕೋದು. ಕೊನೆಯ ಸುತ್ತಿನಲ್ಲಿ ಗೆದ್ದೆವು ಅಂದಾಗ ನಾನು ಪಕ್ಕದಲ್ಲಿದ್ದ ಪೊಲೀಸಪ್ಪನನ್ನೇ ತಬ್ಬಿಕೊಂಡೆ. ಇಲ್ಲಿ ಗೆದ್ದರೇನು, ದೆಹಲಿಯಲ್ಲಿ ನಮಗೂ ಬಹುಮತವಿಲ್ಲ, ಬೇರೆಯವರಿಗೂ ಇಲ್ಲ. ಆಗ ಕೈಹಿಡಿದವರು ಯಾರು? ಎರಡು ತಿಂಗಳು ಇದೇ ಬಾಯಲ್ಲಿ ನಾನು ಬೈದ ಈ ಮಿತ್ರರೇ! ಮಹನೀಯರೇ, ಬೈದದ್ದನ್ನೆಲ್ಲ ವಾಪಸ್ ತಗೊಂಡಿದ್ದೇನೆ. ಒಂದೆರಡು ಉಳಿದಿದ್ದರೆ ಊಟದ ಹೊತ್ತಿಗೆ ಹೇಳಿ.

ಈಗ ನಮ್ಮೂರು ಆದಿವಾಲದ ಸಂಗತಿಗೆ ಬರುತ್ತೇನೆ. ಸಂಸದರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಬೂತಿನಲ್ಲಿ ನಾನು ನಿಮ್ಮ ಏಜೆಂಟ್, ಭಾವ ಈ ಮಿತ್ರಪಕ್ಷದವರ ಏಜೆಂಟ್. ಲೀಡ್ ಕೊಡಿಸುತ್ತೇನೆ ಅಂತ ಇಬ್ಬರೂ ಎದೆ ತಟ್ಟಿದ್ದೆವು. ಬೂತಿನ ಲೆಕ್ಕ ಬಂತು. ಏನಾಯಿತು? ಸಮ! ಅವರಿಗೆಷ್ಟೋ ನಮಗೂ ಅಷ್ಟೇ. ಒಂದೇ ಒಂದು ಓಟು ಆಚೆ ಈಚೆ ಆಗಿದ್ದರೆ ಒಬ್ಬನ ಮಾನ ಉಳಿಯುತ್ತಿತ್ತು.

ಆ ಒಂದು ಓಟು ಯಾರದು? ನಮ್ಮಿಬ್ಬರಿಗೂ ಒಬ್ಬಳೇ ಹೊಳೆದಳು. ನನ್ನ ಅಕ್ಕ, ಭಾವನವರ ಧರ್ಮಪತ್ನಿ, ಹನುಮಕ್ಕ.

ಭಾವ ಕೇಳಿದರು, "ತಮ್ಮನಿಗೆ ಹಾಕಿ ಬಂದೆಯೇನೇ?" ನಾನು ಕೇಳಿದೆ, "ಗಂಡನಿಗೆ ಹಾಕಿದ್ಯಲ್ಲಕ್ಕಾ, ನಾನೇನು ಸತ್ತಿದ್ನಾ?" ಅಂಗಳದಲ್ಲಿ ನಿಂತು ಊರೆಲ್ಲ ಕೇಳುವ ಹಾಗೆ ಕೂಗಾಡಿದೆವು. ಅವಳು ಕುರಿಮರಿಗೆ ನೀರು ಕುಡಿಸುತ್ತಿದ್ದವಳು ಕೈ ಒರೆಸಿಕೊಂಡು ಎದ್ದಳು. "ನನ್ನ ಓಟು ನಾನು ಹಾಕಿದೀನಿ. ನಿಮಗ್ಯಾಕೆ ಹೇಳ್ಲಿ?" ಅಂದಳು. ಒಂದು ಚೀಲಕ್ಕೆ ನಾಲ್ಕು ಸೀರೆ ತುಂಬಿಕೊಂಡು ಹೊಸದುರ್ಗದ ಬಸ್ಸು ಹತ್ತಿದಳು. ಅಲ್ಲಿ ಮಗಳು ಸುಮಾ ಇದ್ದಾಳೆ. ಅವತ್ತಿನಿಂದ ಭಾವನವರ ಮನೆಯಲ್ಲಿ ಒಲೆ ಸರಿಯಾಗಿ ಉರಿದಿಲ್ಲ, ಅವರ ಅಂಗಿ ನೋಡಿದರೇ ಗೊತ್ತಾಗುತ್ತೆ. ನಗಬೇಡಿ, ನನ್ನ ಮನೆಯಲ್ಲೂ ಯಾರೂ ನನ್ನ ಹತ್ತಿರ ನೆಟ್ಟಗೆ ಮಾತಾಡ್ತಿಲ್ಲ.

ಇದನ್ನು ಹೇಳಬೇಕು ಅಂತ ಬಂದವನಲ್ಲ ನಾನು. ನಮ್ಮವ್ವ ತೀರಿಕೊಂಡಾಗ ನಾನು ಇನ್ನೂ ಅಂಗಿ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಅಕ್ಕ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುರಿ ಮೇಯಿಸಿದಳು. ಚಳ್ಳಕೆರೆ ಕಡೆಯಿಂದ ಒಳ್ಳೆಯ ಸಂಬಂಧ ಬಂದರೂ ಒಪ್ಪಲಿಲ್ಲ. ತಮ್ಮ ಕಣ್ಣೆದುರಿಗೆ ಇರಲಿ ಅಂತ ಊರಲ್ಲೇ ಇದ್ದ ಓಬಳೇಶಪ್ಪನವರನ್ನು ಮದುವೆಯಾದಳು. ಅಂಥವಳಿಗೆ ನಾನು ಲೆಕ್ಕ ಕೇಳಿದೆ, ಸಭಿಕರೇ.

ಸಮ್ಮಿಶ್ರ ಸರ್ಕಾರ ಅಂತ ಟಿವಿಯಲ್ಲಿ ಬಂದ ಕೂಡಲೇ ಕುಣಿದಾಡಿ ಫೋನ್ ಮಾಡಿದೆ. "ಅಕ್ಕಾ, ಈಗ ನಾನೂ ಭಾವನೂ ಒಂದೇ ಕಡೆ! ನೀನು ಯಾರಿಗೆ ಹಾಕಿದ್ರೂ ನಮಗೇ ಬಂದಂಗೆ. ಬಂದ್ಬಿಡು!"

ಅವಳು ನಗಲಿಲ್ಲ. "ಇನ್ನೂ ನನ್ನ ಓಟಿನ ಮೇಲೇ ಐತಲ್ಲೋ ನಿನ್ನ ಕಣ್ಣು. ಬರ್ತೀನಪ್ಪ. ಆ ಸರ್ಕಾರ ಬಿದ್ದ ದಿನ ನನ್ನನ್ನ ಎಲ್ಲಿಗೆ ಕಳಿಸ್ತೀರಿ? ಅದನ್ನ ಇಬ್ರೂ ಕೂಡಿ ಬಂದು ಹೇಳ್ರಿ."

ಫೋನ್ ಇಟ್ಟಳು. ಸಂಸದರೇ, ತಾವು ಐದು ವರ್ಷ ಗಟ್ಟಿ ಅಂತೀರಿ. ಇರಲಿ, ಹತ್ತು ವರ್ಷ ಇರಲಿ! ಆದರೆ ನನ್ನ ಅಕ್ಕ ಮನೆಗೆ ಬರೋದು ದೆಹಲಿಯವರ ಸಹಿಯ ಮೇಲೆ ನಿಲ್ಲಬೇಕೇ?

ಭಾವ, ಸಭೆಯ ಮುಂದೆ ಹೇಳ್ತಿದೀನಿ. ನಾಳೆ ಸರ್ಕಾರ ಬಿದ್ದರೆ ಮೊದಲು ನಿಮ್ಮ ಜಗಲಿಗೇ ಬಂದು ಕುಂತ್ಕತೀನಿ. ನೀವು ನಮ್ಮ ಪಕ್ಷ ಬೈರಿ, ನಾನು ನಿಮ್ಮದನ್ನ ಬೈತೀನಿ, ಅಕ್ಕ ಇಬ್ರನ್ನೂ ಬೈಲಿ. ಯಾರಿಗೆ ಹಾಕಿದೆ ಅಂತ ನಾನು ಸಾಯೋವರೆಗೂ ಕೇಳಲ್ಲ, ನೀವೂ ಕೇಳಂಗಿಲ್ಲ. ಹೊಸದುರ್ಗಕ್ಕೆ ಹೋಗಾಣ ಬರ್ರಿ. ಈಗಲೇ. ಬರ್ತೀರಾ ಇಲ್ವಾ?

ಅಧ್ಯಕ್ಷರೇ, ಚಪ್ಪಾಳೆ ನಿಲ್ಲಿಸಿ ಸ್ವಲ್ಪ, ಭಾವ ಎದ್ದರು! ಹಾರ ತೆಗೆದು ಕುರ್ಚಿ ಮೇಲಿಟ್ಟರು. ಇತ್ತ ಕಡೆಗೇ ಬರ್ತಾ ಇದ್ದಾರೆ. ಏನು ಭಾವ? ಜೋರಾಗಿ ಹೇಳ್ರಿ.

"ಮೈಕು ಬಿಡಲೇ, ಬಸ್ಸು ಹೋಗ್ತೈತೆ" ಅಂತಿದ್ದಾರೆ, ಸಭಿಕರೇ!

ಸಂಸದರಿಗೆ ಶುಭವಾಗಲಿ, ಕೇಳಿದ ನಿಮ್ಮ ಕಿವಿಗಳಿಗೆ ಧನ್ಯವಾದ, ಊಟ ನೀವೇ ಮುಗಿಸಿ. ನಮಸ್ಕಾರ, ನಮಸ್ಕಾರ. ಬಂದೆ ಭಾವ, ಬಂದೆ!